ಗೆದ್ದೂ ಕೆಲಸ ಕಳೆದುಕೊಂಡವನು

ಕಾಮರ್ಸ್ ಓದುವವರಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಏನೇ ಕಂಡರೂ ಜಮಾ ಎಷ್ಟು, ಖರ್ಚು ಎಷ್ಟು ಅಂತ ನೋಡುವುದು. ಫುಟ್‌ಬಾಲ್ ನೋಡುವಾಗಲೂ ನನಗೆ ಇದೇ ಗೋಳು. ಗೆದ್ದರೆ ಜಮಾ, ಸೋತರೆ ಖರ್ಚು, ವರ್ಷದ ಕೊನೆಗೆ ಪಾಯಿಂಟ್ ಪಟ್ಟಿಯೇ ಅಢಾವೆ ಪತ್ರಿಕೆ. ಹೀಗಿರುವಾಗ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿರುವ ತಂಡದ ಕೋಚನ್ನೇ ಕೆಲಸದಿಂದ ತೆಗೆದರು ಅಂದರೆ ಲೆಕ್ಕ ತಾಳೆಯಾಗುವುದು ಹೇಗೆ? ಈ ಪ್ರಶ್ನೆ ತಲೆಗೆ ಹೊಕ್ಕ ಮೇಲೆ ನಾನು ಓದುತ್ತಾ ಹೋದದ್ದು ಬೇಲಾ ಗುಟ್‌ಮನ್ ಎಂಬಾತನ ಬದುಕನ್ನು. ಕ್ರಿಕೆಟ್ ಬಿಟ್ಟು ಬೇರೆ ಆಟ ಗೊತ್ತಿಲ್ಲದ ಗೆಳೆಯರೂ ಇದನ್ನು ಓದಬೇಕು. ಯಾಕೆಂದರೆ ಇದು ಚೆಂಡಿನ ಕಥೆಗಿಂತ ಹೆಚ್ಚಾಗಿ ನೌಕರಿಯ ಕಥೆ.

ಗುಟ್‌ಮನ್ ಹುಟ್ಟಿದ್ದು 1899ರಲ್ಲಿ, ಹಂಗೇರಿಯ ಬುಡಾಪೆಸ್ಟ್ ನಗರದ ಒಂದು ಯಹೂದಿ ಕುಟುಂಬದಲ್ಲಿ. ತಂದೆ ತಾಯಿ ನೃತ್ಯ ಕಲಿಸುವವರು. ಹುಡುಗನೂ ಹದಿನಾರರ ಹೊತ್ತಿಗೆ ನೃತ್ಯ ಕಲಿಸುವ ಅರ್ಹತೆ ಪಡೆದಿದ್ದ. ಆದರೆ ಕಾಲುಗಳಿಗೆ ಬೇಕಾಗಿದ್ದದ್ದು ಫುಟ್‌ಬಾಲ್. ಎಂಟಿಕೆ ಎಂಬ ದೊಡ್ಡ ಕ್ಲಬ್ಬಿಗೆ ಆಡಿದ. ಆಮೇಲೆ ವಿಯೆನ್ನಾಕ್ಕೆ ಹೋಗಿ ಹಕೋವಾ ಎಂಬ ಯಹೂದಿ ಕ್ಲಬ್ಬು ಸೇರಿದ. ಆ ಕ್ಲಬ್ಬು 1925ರಲ್ಲಿ ಆಸ್ಟ್ರಿಯಾದ ಲೀಗ್ ಗೆದ್ದಿತು.

ಮೇಲಿನವರ ಎದುರು ತಲೆ ತಗ್ಗಿಸದ ಗುಣ ಆಗಲೇ ಕಾಣಿಸಿತ್ತು. 1924ರ ಪ್ಯಾರಿಸ್ ಒಲಿಂಪಿಕ್ಸಿಗೆ ಹಂಗೇರಿ ತಂಡದೊಡನೆ ಹೋಗಿದ್ದ. ಆಟಗಾರರಿಗಿಂತ ಅಧಿಕಾರಿಗಳ ದಂಡೇ ದೊಡ್ಡದಾಗಿತ್ತು. ಇಳಿಸಿದ ಹೋಟೆಲಿನಲ್ಲೋ ಇಲಿಗಳ ಕಾಟ. ಗುಟ್‌ಮನ್ ಸತ್ತ ಇಲಿಗಳನ್ನು ತಂದು ಅಧಿಕಾರಿಗಳ ಕೋಣೆಯ ಬಾಗಿಲಿಗೆ ಕಟ್ಟಿದ ಅಂತ ಹೇಳುತ್ತಾರೆ. ಇಂಥವನು ಮುಂದೆ ಯಾರ ಕೈಕೆಳಗೆ ಬಹಳ ದಿನ ನಿಂತಾನು?

1926ರಲ್ಲಿ ಹಕೋವಾ ತಂಡ ಅಮೆರಿಕಾ ಪ್ರವಾಸ ಮಾಡಿತು. ಗುಟ್‌ಮನ್ ಅಲ್ಲೇ ಉಳಿದು ನ್ಯೂಯಾರ್ಕಿನಲ್ಲಿ ಆಡಿದ, ಒಂದಿಷ್ಟು ದುಡ್ಡೂ ಮಾಡಿದ. 1929ರಲ್ಲಿ ಷೇರುಪೇಟೆ ಕುಸಿದಾಗ ಅದೂ ಕರಗಿತು. ದುಡ್ಡಿನ ವಿಷಯದಲ್ಲಿ ಆತ ಜೀವನಪೂರ್ತಿ ಬಿಗಿಯಾಗಿದ್ದದ್ದಕ್ಕೆ ಇದೂ ಒಂದು ಕಾರಣ ಇರಬೇಕು ಅಂತ ನನ್ನ ಲೆಕ್ಕ.

ಕೋಚಿನ ಕೆಲಸ ಶುರುವಾದದ್ದು 1933ರಲ್ಲಿ, ಅದೇ ಹಕೋವಾದಲ್ಲಿ. 1935ರಲ್ಲಿ ಹಾಲೆಂಡಿನ ಎನ್‌ಸ್ಕೆಡೆಗೆ ಹೋದ. ಅಲ್ಲಿಯದು ಒಂದು ತಮಾಷೆಯ ಕಥೆ ಇದೆ. ತಂಡ ರಾಷ್ಟ್ರೀಯ ಚಾಂಪಿಯನ್ ಆದರೆ ನನಗೆ ಇಷ್ಟು ದೊಡ್ಡ ಬೋನಸ್ ಕೊಡಬೇಕು ಅಂತ ಕರಾರಿನಲ್ಲಿ ಬರೆಸಿದನಂತೆ. ಕೆಳಗೆ ಬಿದ್ದು ಹೋಗದಿದ್ದರೆ ಸಾಕು ಎನ್ನುವ ಸ್ಥಿತಿಯ ತಂಡ, ಚಾಂಪಿಯನ್ ಆಗುವುದುಂಟೇ? ಮಂಡಳಿಯವರು ನಗುತ್ತಾ ರುಜು ಹಾಕಿದರು. ತಂಡ ಗೆಲ್ಲುತ್ತಾ ಗೆಲ್ಲುತ್ತಾ ಚಾಂಪಿಯನ್‌ಷಿಪ್ಪಿನ ಬಾಗಿಲಿಗೇ ಬಂದಾಗ ಅಧ್ಯಕ್ಷರೇ ಸೋಲಲಿ ದೇವರೇ ಅಂತ ಬೇಡಿಕೊಂಡರಂತೆ. ಗೆಲುವು ಎಲ್ಲರಿಗೂ ಬೇಕು, ಅದರ ಬೆಲೆ ತೆರುವುದು ಮಾತ್ರ ಯಾರಿಗೂ ಬೇಡ.

1939ರಲ್ಲಿ ಬುಡಾಪೆಸ್ಟಿನ ಊಯ್‌ಪೆಸ್ಟ್ ತಂಡಕ್ಕೆ ಹಂಗೇರಿಯ ಲೀಗನ್ನೂ ಮಿತ್ರೋಪಾ ಕಪ್ಪನ್ನೂ ಗೆದ್ದುಕೊಟ್ಟ. ಅಷ್ಟರಲ್ಲಿ ಮಹಾಯುದ್ಧ ಬಂತು. ಯಹೂದಿಯಾದ್ದರಿಂದ ಕೆಲಸವಷ್ಟೇ ಅಲ್ಲ, ಜೀವ ಉಳಿಸಿಕೊಳ್ಳುವುದೇ ಕಷ್ಟವಾಯಿತು. 1944ರಲ್ಲಿ ಒಂದು ಮನೆಯ ಅಟ್ಟದಲ್ಲಿ ಅಡಗಿ ದಿನ ಕಳೆದ. ಕೊನೆಗೆ ಗುಲಾಮರಂತೆ ದುಡಿಸುವ ಶಿಬಿರಕ್ಕೆ ಬಿದ್ದ. ಆ ವರ್ಷದ ಡಿಸೆಂಬರಿನಲ್ಲಿ ಅಲ್ಲಿಂದ ತಪ್ಪಿಸಿಕೊಂಡವರಲ್ಲಿ ಈತನೂ ಒಬ್ಬ. ಜೊತೆಯಲ್ಲಿದ್ದವನು ಮುಂದೆ ಇಟಲಿಯ ಟೊರಿನೊ ತಂಡದ ಕೋಚಾಗಿ ಹೆಸರಾದ ಎರ್ನೋ ಎರ್ಬ್‌ಸ್ಟೈನ್. ಗುಟ್‌ಮನ್ನನ ತಂದೆಯನ್ನೂ ಸಹೋದರಿಯನ್ನೂ ನಾಜಿಗಳು ಕೊಂದರು. ಈ ಸಂಗತಿಗಳನ್ನು ಆತ ಬದುಕಿರುವಾಗ ಹೆಚ್ಚಾಗಿ ಹೇಳಿಕೊಳ್ಳಲಿಲ್ಲ. ಇದನ್ನು ಓದಿದ ಮೇಲೆ ನನಗೆ ಒಂದು ಅರ್ಥವಾಯಿತು. ಸಾವಿನ ಬಾಯಿಂದ ಹೊರಬಂದವನಿಗೆ ಕ್ಲಬ್ಬಿನ ಡೈರೆಕ್ಟರು ಎಷ್ಟರವನು!

ಯುದ್ಧ ಮುಗಿದ ಮೇಲೆ ರುಮೇನಿಯಾದ ಬುಖಾರೆಸ್ಟಿನಲ್ಲಿ ಕೆಲಸ ಹಿಡಿದ. ತಿನ್ನುವುದಕ್ಕೆ ಸಿಗದ ಕಾಲ, ಸಂಬಳವನ್ನು ತರಕಾರಿಯ ರೂಪದಲ್ಲಿ ಕೊಡಿ ಅಂತ ಕೇಳಿದನಂತೆ. ಆಮೇಲೆ ಬುಡಾಪೆಸ್ಟಿನ ಕಿಷ್‌ಪೆಸ್ಟ್ ತಂಡಕ್ಕೆ ಬಂದ. ಅಲ್ಲಿ ಇದ್ದವನು ಫೆರೆಂತ್ಸ್ ಪುಷ್ಕಾಷ್, ಲೋಕವೇ ಬೆರಗಾಗುವ ಆಟಗಾರ. ಒಂದು ಪಂದ್ಯದಲ್ಲಿ ಒರಟಾಗಿ ಆಡುತ್ತಿದ್ದ ಒಬ್ಬ ಡಿಫೆಂಡರನನ್ನು ಗುಟ್‌ಮನ್ ಹೊರಗೆ ಬಾ ಅಂದ. ಬದಲಿ ಆಟಗಾರನನ್ನು ಇಳಿಸುವ ನಿಯಮ ಇಲ್ಲದ ಕಾಲ ಅದು, ಹತ್ತೇ ಜನ ಆಡಬೇಕಾಗುತ್ತಿತ್ತು. ಪುಷ್ಕಾಷ್ ಅವನಿಗೆ ನೀನು ಆಡು ಅಂದ. ಅವನು ಆಡಿದ. ಗುಟ್‌ಮನ್ ತೆಪ್ಪಗೆ ಪ್ರೇಕ್ಷಕರ ನಡುವೆ ಹೋಗಿ ಕೂತು ಕುದುರೆ ರೇಸಿನ ಪತ್ರಿಕೆ ಓದಿದನಂತೆ. ಆ ಕೆಲಸ ಅಲ್ಲಿಗೆ ಮುಗಿಯಿತು.

ಇಟಲಿಯ ಪಾದೊವಾ, ತ್ರಿಯೆಸ್ತೆ ಎಲ್ಲ ಸುತ್ತಿ, ನಡುವೆ ಅರ್ಜೆಂಟೀನಾಕ್ಕೂ ಹೋಗಿಬಂದು, 1953ರ ಕೊನೆಗೆ ಮಿಲಾನ್ ಕ್ಲಬ್ಬಿಗೆ ಬಂದ. ಸ್ವೀಡನ್ನಿನ ನೋರ್ಡಾಲ್, ಲೀಡ್‌ಹೋಮ್, ಉರುಗ್ವೆಯ ಷಿಯಾಫಿನೊ ಅಂಥವರಿದ್ದ ತಂಡ. 1954-55ರ ಸಾಲಿನಲ್ಲಿ ತಂಡ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು. ಆದರೆ ಆಡಳಿತ ಮಂಡಳಿಯವರ ಜೊತೆ ಒಂದರ ಮೇಲೊಂದು ತಕರಾರು. 1955ರ ಆರಂಭದಲ್ಲಿ, ತಂಡ ಮೊದಲ ಸ್ಥಾನದಲ್ಲಿದ್ದಾಗಲೇ, ಗುಟ್‌ಮನ್ನನನ್ನು ಮನೆಗೆ ಕಳಿಸಿದರು. ಇದಕ್ಕಿಂತ ದೊಡ್ಡ ಪೆಟ್ಟು ಮುಂದಿತ್ತು. ಬೇರೆ ಕೋಚಿನ ಕೈಯಲ್ಲಿ ಮಿಲಾನ್ ಆ ವರ್ಷದ ಚಾಂಪಿಯನ್ ಆಗಿಯೇ ಬಿಟ್ಟಿತು.

ಇಲ್ಲಿಯೇ ನನ್ನ ಪ್ರಶ್ನೆಗೆ ಉತ್ತರದ ಬಾಲ ಸಿಕ್ಕಿದ್ದು. ನಮಗೆ ಕಾಸ್ಟ್ ಅಕೌಂಟಿಂಗಿನಲ್ಲಿ ಜಂಟಿ ಉತ್ಪನ್ನ ಅಂತ ಒಂದು ಅಧ್ಯಾಯ ಇದೆ. ಒಂದೇ ಕಚ್ಚಾ ಮಾಲಿನಿಂದ ಒಂದೇ ಸಲ ನಾಲ್ಕು ಸಾಮಾನು ಹುಟ್ಟಿದರೆ ಯಾವುದರ ಪಾಲಿನ ಖರ್ಚೆಷ್ಟು ಅಂತ ನಿಖರವಾಗಿ ಹೇಳಲು ಬರುವುದಿಲ್ಲ, ಹೇಗೋ ಒಂದು ರೀತಿ ಹಂಚಿ ಹಾಕಬೇಕು. ಗೆಲುವೂ ಹಾಗೆಯೇ. ಅದರಲ್ಲಿ ಆಟಗಾರನ ಪಾಲೆಷ್ಟು, ದುಡ್ಡು ಹಾಕಿದವನ ಪಾಲೆಷ್ಟು, ಕೋಚಿನ ಪಾಲೆಷ್ಟು? ಯಾವ ಪಟ್ಟಿಯೂ ಇದನ್ನು ಹೇಳುವುದಿಲ್ಲ. ಹಂಚುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರು ತಮ್ಮ ಪಾಲನ್ನು ಮೊದಲು ಬರೆದುಕೊಳ್ಳುತ್ತಾರೆ. ಸೋಲನ್ನು ಮಾತ್ರ ಹಂಚುವುದಿಲ್ಲ, ಅದು ಪೂರ್ತಾ ಕೋಚಿನ ಖಾತೆಗೆ. ಮಿಲಾನಿನವರು ಕೋಚಿಲ್ಲದೆಯೂ ಗೆದ್ದೆವಲ್ಲ ಅಂತ ಅಂದುಕೊಂಡಿರಬಹುದು. ಕಟ್ಟಿದ ಮನೆಯಲ್ಲಿ ವಾಸ ಮಾಡಿದರು ಅಂತಲೂ ಅನ್ನಬಹುದು. ಎರಡಕ್ಕೂ ಪುರಾವೆ ಅದೇ ಪಟ್ಟಿ.

ಇದು ಫುಟ್‌ಬಾಲಿಗೆ ಮಾತ್ರ ಅಂತ ತಿಳಿಯಬೇಡಿ. ನನ್ನ ಸೋದರಮಾವ ಈ ಮುಂಬಯಿಯ ಒಂದು ಹೋಟೆಲಿನಲ್ಲಿ ಹನ್ನೆರಡು ವರ್ಷ ಗಲ್ಲೆಯಲ್ಲಿ ಕೂತವರು. ಅವರ ಕಾಲದಲ್ಲಿ ವ್ಯಾಪಾರ ಎರಡು ಪಟ್ಟಾಯಿತು, ಒಂದು ಪೈಸೆ ಅತ್ತಿತ್ತ ಆಗಲಿಲ್ಲ. ಗಿರಾಕಿಗಳು ಧಣಿಗಳನ್ನು ಬಿಟ್ಟು ಮಾವನ ಹೆಸರು ಹಿಡಿದು ಕೇಳಿಕೊಂಡು ಬರಲು ಶುರುವಾದ ಮೇಲೆ, ಒಂದು ದೀಪಾವಳಿ ಕಳೆದದ್ದೇ ಆ ಕುರ್ಚಿಯಲ್ಲಿ ಧಣಿಗಳ ಭಾವಮೈದ ಬಂದು ಕೂತ. ಮಾವನ ಹತ್ತಿರ ಕಾಗದ ಪತ್ರ ಒಂದೂ ಇರಲಿಲ್ಲ. ಇದ್ದದ್ದು ವಿಶ್ವಾಸ ಒಂದೇ.

ಗುಟ್‌ಮನ್ ಮಾವನಂತೆ ಸುಮ್ಮನೆ ಕೂರಲಿಲ್ಲ. ಮಿಲಾನಿನ ಅನುಭವವಾದ ಮೇಲೆ, ತಂಡ ಮೊದಲ ಸ್ಥಾನದಲ್ಲಿರುವಾಗ ನನ್ನನ್ನು ತೆಗೆಯಕೂಡದು ಎಂಬ ಷರತ್ತನ್ನು ಕರಾರಿನಲ್ಲೇ ಹಾಕಿಸುತ್ತಿದ್ದ ಎನ್ನುವುದು ಪ್ರಸಿದ್ಧ. ಇನ್ನೊಂದು ಸೂತ್ರವನ್ನೂ ಇಟ್ಟುಕೊಂಡಿದ್ದ. ಯಾವ ಕೋಚೂ ಒಂದೇ ಕಡೆ ಎರಡು ವರ್ಷಕ್ಕಿಂತ ಹೆಚ್ಚು ಇರಬಾರದು, ಮೂರನೆಯ ವರ್ಷ ಘಾತಕ ಎಂಬುದು ಅವನ ನಂಬಿಕೆ.

1957ರಲ್ಲಿ ಬ್ರೆಜಿಲಿನ ಸಾವೊ ಪಾಲೊ ತಂಡವನ್ನು ಅಲ್ಲಿಯ ರಾಜ್ಯದ ಚಾಂಪಿಯನ್ ಮಾಡಿದ. ಅಲ್ಲಿಂದ ಪೋರ್ಚುಗಲ್ಲಿಗೆ ಬಂದು 1959ರಲ್ಲಿ ಪೋರ್ಟೊ ತಂಡಕ್ಕೆ ಲೀಗ್ ಗೆದ್ದುಕೊಟ್ಟ. ಬೆನ್‌ಫಿಕಾ ತಂಡದಷ್ಟೇ ಪಾಯಿಂಟು, ಗೋಲುಗಳ ಅಂತರದಲ್ಲಿ ಮಾತ್ರ ಮೇಲು. ಮರುವರ್ಷವೇ ಸೋತ ಬೆನ್‌ಫಿಕಾದ ಕೋಚಾದ. ಹಳೆಯ ಆಟಗಾರರನ್ನು ಹಿಂಡುಹಿಂಡಾಗಿ ತೆಗೆದುಹಾಕಿ ಹುಡುಗರನ್ನು ಮುಂದೆ ತಂದ. 1960 ಮತ್ತು 1961ರಲ್ಲಿ ಲೀಗು ಬಂತು. ಯುರೋಪಿಯನ್ ಕಪ್ಪನ್ನು ಮೊದಲ ಐದು ವರ್ಷವೂ ಗೆದ್ದದ್ದು ರಿಯಲ್ ಮಾಡ್ರಿಡ್. ಆ ಸಾಲು ಮುರಿದದ್ದು 1961ರಲ್ಲಿ. ಬರ್ನ್ ನಗರದ ಫೈನಲ್ಲಿನಲ್ಲಿ ಬಾರ್ಸಿಲೋನಾವನ್ನು 3-2ರಿಂದ ಸೋಲಿಸಿ ಬೆನ್‌ಫಿಕಾ ಕಪ್ಪನ್ನು ಎತ್ತಿತು.

ಆ ಹೊತ್ತಿಗೆ ಆಫ್ರಿಕಾದ ಮೊಜಾಂಬಿಕಿನಿಂದ ಒಬ್ಬ ಹುಡುಗ ಬಂದು ತಂಡ ಸೇರಿದ್ದ. ಹೆಸರು ಯುಸೇಬಿಯೊ. ಲಿಸ್ಬನ್ನಿನ ಒಂದು ಕ್ಷೌರದಂಗಡಿಯಲ್ಲಿ ಬ್ರೆಜಿಲಿನ ಹಳೆಯ ಆಟಗಾರ ಬಾವರ್ ಈ ಹುಡುಗನ ಸುದ್ದಿಯನ್ನು ಗುಟ್‌ಮನ್ನನ ಕಿವಿಗೆ ಹಾಕಿದ ಅಂತ ಹೇಳುತ್ತಾರೆ. 1962ರ ಫೈನಲ್ಲು ಆಂಸ್ಟರ್‌ಡಾಮಿನಲ್ಲಿ, ಎದುರು ರಿಯಲ್ ಮಾಡ್ರಿಡ್. ಆ ಕಡೆ ಇದ್ದವನು ಹಳೆಯ ಪುಷ್ಕಾಷ್! ಅರ್ಧ ಆಟದೊಳಗೆ ಅವನೊಬ್ಬನೇ ಮೂರು ಗೋಲು ಹೊಡೆದ. ಬೆನ್‌ಫಿಕಾ 3-2ರಿಂದ ಹಿಂದಿತ್ತು. ಎರಡನೇ ಅರ್ಧದಲ್ಲಿ ಯುಸೇಬಿಯೊ ಎರಡು ಗೋಲು ಹಾಕಿದ, ಆಟ 5-3ಕ್ಕೆ ಮುಗಿಯಿತು. ಸತತ ಎರಡನೇ ಕಪ್ಪು.

ಗುಟ್‌ಮನ್ ಮಂಡಳಿಯವರ ಮುಂದೆ ಹೋಗಿ ಹೆಚ್ಚಿನ ಹಣ ಕೇಳಿದ. ಕರಾರಿನಲ್ಲಿ ಅದಕ್ಕೆ ಜಾಗವಿಲ್ಲ ಅಂದರು. ನೋಡಿ ವಿಚಿತ್ರ! ಇಷ್ಟು ವರ್ಷ ಕರಾರಿನ ಅಕ್ಷರವನ್ನೇ ಗುರಾಣಿ ಮಾಡಿಕೊಂಡವನಿಗೆ ಅದೇ ಅಕ್ಷರ ಗೋಡೆಯಾಗಿ ನಿಂತಿತು. ಅದು ಅವನ ಮೂರನೆಯ ವರ್ಷ. ಕಪ್ಪು ಬಂದಿದ್ದರೂ ಆ ವರ್ಷದ ಲೀಗಿನಲ್ಲಿ ತಂಡ ಮೂರನೆಯದಾಗಿತ್ತು. ಯುರೋಪಿಗೇ ದೊಡ್ಡ ತಂಡವನ್ನು ಬಿಟ್ಟು ಗುಟ್‌ಮನ್ ಹೊರಟೇ ಹೋದ, ದೂರದ ಉರುಗ್ವೆಯ ಪೆನ್ಯಾರೋಲ್ ಕ್ಲಬ್ಬಿಗೆ. ಹೋಗುವಾಗ ಇನ್ನು ನೂರು ವರ್ಷ ಈ ತಂಡ ಯುರೋಪಿನ ಕಪ್ಪು ಗೆಲ್ಲುವುದಿಲ್ಲ ಅಂತ ಶಾಪ ಹಾಕಿದ ಎಂಬ ಕಥೆ ಹುಟ್ಟಿಕೊಂಡಿತು.

ಶಾಪದಲ್ಲಿ ನನಗೆ ನಂಬಿಕೆಯಿಲ್ಲ. ಆದರೂ ಲೆಕ್ಕ ಹೇಳುತ್ತೇನೆ. ಆಮೇಲೆ ಬೆನ್‌ಫಿಕಾ 1963, 1965, 1968, 1988 ಮತ್ತು 1990ರಲ್ಲಿ ಅದೇ ಕಪ್ಪಿನ ಫೈನಲ್ಲಿಗೆ ಬಂದು ಐದು ಸಲವೂ ಸೋತಿತು. ಯುರೋಪಿನ ಇನ್ನೊಂದು ಕಪ್ಪಿನ ಫೈನಲ್ಲನ್ನು 1983, 2013, 2014ರಲ್ಲಿ ಸೋತಿತು. ಒಟ್ಟು ಎಂಟು. 1963ರಲ್ಲಿ ಸೋಲಿಸಿದ್ದು ಯಾರು ಗೊತ್ತೇ? ಗುಟ್‌ಮನ್ನನನ್ನು ಹೊರಗಟ್ಟಿದ್ದ ಅದೇ ಮಿಲಾನ್. 1990ರಲ್ಲಿ ಸೋಲಿಸಿದ್ದೂ ಮಿಲಾನೇ. ಆ ಆಟ ನಡೆದದ್ದು ವಿಯೆನ್ನಾದಲ್ಲಿ, ಗುಟ್‌ಮನ್ನನ ಸಮಾಧಿ ಇರುವ ಊರಲ್ಲಿ.

ಶಾಪ ಹಾಕಿದವನೇ ಬಂದರೂ ಫಲವಾಗಲಿಲ್ಲ. 1965ರಲ್ಲಿ ಬೆನ್‌ಫಿಕಾ ಅವನನ್ನು ಮತ್ತೆ ಕರೆಸಿತು. ಆ ಸಾಲಿನಲ್ಲಿ ತನ್ನದೇ ಮೈದಾನದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎದುರು 5-1ರಿಂದ ಸೋತಿತು, ಲೀಗೂ ಸಿಗಲಿಲ್ಲ. ಗುಟ್‌ಮನ್ ಮತ್ತೆ ಗಂಟುಮೂಟೆ ಕಟ್ಟಿದ. ಕೊನೆಯ ಕೆಲಸ 1973-74ರಲ್ಲಿ ಪೋರ್ಟೊದಲ್ಲಿ. 1981ರಲ್ಲಿ ವಿಯೆನ್ನಾದಲ್ಲಿ ತೀರಿಕೊಂಡ. 2014ರಲ್ಲಿ ಬೆನ್‌ಫಿಕಾದವರು ತಮ್ಮ ಕ್ರೀಡಾಂಗಣದಲ್ಲಿ ಅವನ ಪ್ರತಿಮೆ ನಿಲ್ಲಿಸಿದರು, ಎರಡು ಕೈಯಲ್ಲಿ ಎರಡು ಕಪ್ಪು. ಬದುಕಿದ್ದಾಗ ಕೊಡದ ಪಾಲನ್ನು ಕಂಚಿನಲ್ಲಿ ಕೊಟ್ಟ ಹಾಗಾಯಿತು.

ಗುಟ್‌ಮನ್ ಜೊತೆಗೆ ಈ ಪದ್ಧತಿ ಸಾಯಲಿಲ್ಲ. ರಿಯಲ್ ಮಾಡ್ರಿಡ್ 1998ರಲ್ಲಿ ಯುರೋಪಿನ ಕಪ್ಪು ಗೆದ್ದುಕೊಟ್ಟ ಹೈಂಕೆಸ್ ಅವರನ್ನು ಆ ವರ್ಷವೇ ಕಳಿಸಿತು. 2003ರಲ್ಲಿ ಲೀಗ್ ಗೆದ್ದ ಬೆನ್ನಿಗೇ ದೆಲ್ ಬೊಸ್ಕೆ ಅವರ ಕರಾರನ್ನು ಮುಂದುವರಿಸಲಿಲ್ಲ. ಮೈದಾನದ ಲೆಕ್ಕ ಎಲ್ಲರಿಗೂ ಕಾಣುತ್ತದೆ. ಯಾರ ಹೆಸರು ದೊಡ್ಡದಾಯಿತು, ಯಾರ ಮಾತು ನಡೆಯಿತು, ಮುಂದೆ ಇನ್ನೆಷ್ಟು ಕೇಳುತ್ತಾನೆ ಎನ್ನುವ ಲೆಕ್ಕವನ್ನು ಬಾಗಿಲು ಹಾಕಿಕೊಂಡು ಬರೆಯುತ್ತಾರೆ. ಕೆಲಸ ಹೋಗುವುದು ಈ ಎರಡನೆಯ ಪುಸ್ತಕದಿಂದ.

ನಾವೆಲ್ಲ ಇನ್ನೊಂದೆರಡು ವರ್ಷದಲ್ಲಿ ಎಲ್ಲೋ ಒಂದು ಕಡೆ ನೇಮಕಾತಿ ಕಾಗದಕ್ಕೆ ರುಜು ಹಾಕುವವರು. ಕೆಲಸ ಚೆನ್ನಾಗಿ ಮಾಡಿದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ ಅಂತ ಮನೆಯಲ್ಲಿ ಹಿರಿಯರು ಹೇಳಿಕೊಟ್ಟಿದ್ದಾರೆ. ಆ ಮಾತು ಸುಳ್ಳಲ್ಲ, ಅರ್ಧ. ಇನ್ನರ್ಧವನ್ನು ಗುಟ್‌ಮನ್ ಕಲಿಸುತ್ತಾನೆ. ಎದುರಿಗಿರುವವರು ನಗುತ್ತಿರುವಾಗಲೇ ಬರೆಸಿಕೊಳ್ಳಬೇಕು. ಬರೆಸಿಕೊಂಡದ್ದೂ ಪೂರ್ತಿ ಕಾಯುವುದಿಲ್ಲ ಅಂತ ತಿಳಿದಿರಬೇಕು. ಹೊರಡಬೇಕಾದ ದಿನ ಬಂದರೆ ಹೊರಡುವ ಧೈರ್ಯ ನಮ್ಮದಾಗಿರಬೇಕು. ಗುಟ್‌ಮನ್ ಬಾಗಿಲ ಬಳಿ ನಿಂತು ಯಾರನ್ನೂ ಅಂಗಲಾಚಲಿಲ್ಲ. ಅವನ ಕೈಯಲ್ಲಿ ವಿದ್ಯೆ ಇತ್ತು, ಮುಂದಿನ ಊರಿಗೆ ಟಿಕೆಟ್ಟೂ ಇತ್ತು.