ಕಡತಗಳ ನಡುವಿನ ಕಾಫ್ಕಾ

ವಿಲಕ್ಷಣ ಕಥೆಗಳನ್ನು ಬರೆದವನು ಲೋಕವ್ಯವಹಾರ ಅರಿಯದ ಸ್ವಪ್ನಜೀವಿಯಾಗಿರಬೇಕೆಂದು ನಾವು ಭಾವಿಸುವುದುಂಟು. ಫ್ರಾಂಜ್ ಕಾಫ್ಕಾನ ವಿಷಯದಲ್ಲಿ ಇದು ಸತ್ಯಕ್ಕೆ ದೂರ. ವೃತ್ತಿಜೀವನವನ್ನೆಲ್ಲ ಸರ್ಕಾರಿ ಕಡತಗಳ ನಡುವೆ ಕಳೆದ ನನಗೆ ಆತ ಮೊದಲು ದಕ್ಷ ಅಧಿಕಾರಿಯಾಗಿಯೇ ಕಾಣುತ್ತಾನೆ.

1883ರಲ್ಲಿ ಪ್ರಾಗ್ ನಗರದ ಯಹೂದಿ ವರ್ತಕನೊಬ್ಬನ ಮಗನಾಗಿ ಜನಿಸಿದ ಕಾಫ್ಕಾ, 1906ರಲ್ಲಿ ಕಾನೂನಿನ ಡಾಕ್ಟರೇಟ್ ಪಡೆದ. 1908ರಲ್ಲಿ ಬೊಹೀಮಿಯಾದ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಯನ್ನು ಸೇರಿದ. ಕಾರ್ಖಾನೆಗಳನ್ನು ಅಪಾಯದ ಪ್ರಮಾಣಕ್ಕೆ ತಕ್ಕಂತೆ ವರ್ಗೀಕರಿಸುವುದು, ವಿಮಾ ಕಂತಿನ ಬಗ್ಗೆ ಮಾಲೀಕರು ಸಲ್ಲಿಸುವ ಆಕ್ಷೇಪಣೆಗಳಿಗೆ ಉತ್ತರಿಸುವುದು ಆತನ ಹೊಣೆಯಾಗಿತ್ತು. ಮರ ಹೆರೆಯುವ ಯಂತ್ರಗಳಲ್ಲಿ ಅಲಗುಗಳನ್ನು ಹೊತ್ತ ದಂಡ ಚೌಕಾಕಾರವಾಗಿತ್ತು. ಅಲ್ಲಿನ ಅಗಲವಾದ ಸಂದಿಗೆ ಕೈ ಜಾರಿ ಕಾರ್ಮಿಕರ ಬೆರಳುಗಳು ತುಂಡಾಗುತ್ತಿದ್ದವು. ದುಂಡನೆಯ ದಂಡ ಅಳವಡಿಸಿದರೆ ಕೈಗಳು ಉಳಿಯುತ್ತವೆಂದು ಕಾಫ್ಕಾ ಚಿತ್ರಸಹಿತ ವರದಿ ಬರೆದ.

ಕಚೇರಿ ಮಧ್ಯಾಹ್ನ 2 ಗಂಟೆಗೆ ಮುಗಿಯುತ್ತಿತ್ತು. ಸಾಹಿತ್ಯಕ್ಕೆ ರಾತ್ರಿ ಮೀಸಲು. 1912ರ ಸೆಪ್ಟೆಂಬರಿನ ಒಂದೇ ರಾತ್ರಿಯಲ್ಲಿ ‘ತೀರ್ಪು’ ಕಥೆ ಮುಗಿಯಿತು. ಅದೇ ವರ್ಷ ಬರೆದ ‘ರೂಪಾಂತರ’ 1915ರಲ್ಲಿ ಪ್ರಕಟವಾಯಿತು. ಕಥಾನಾಯಕ ಗ್ರೆಗರ್ ಸಾಮ್ಸಾ ಊರೂರು ತಿರುಗುವ ಮಾರಾಟಗಾರ. ಒಂದು ಮುಂಜಾನೆ ಹುಳುವಾಗಿ ಎಚ್ಚರಗೊಂಡ ಆತನನ್ನು ಕಾಡುವುದು ತಪ್ಪಿಹೋದ ರೈಲಿನ ಚಿಂತೆ. ಅಷ್ಟರಲ್ಲಿ ವಿಚಾರಣೆಗೆಂದು ಕಚೇರಿಯ ಮೇಲಧಿಕಾರಿ ಮನೆಬಾಗಿಲಿಗೆ ಬರುತ್ತಾನೆ. ಆದಾಯ ನಿಂತ ಮೇಲೆ ಮನೆಯವರ ಮಮತೆಯೂ ದಿನೇದಿನೇ ಬತ್ತುತ್ತದೆ. ದುಡಿಯುವ ಶಕ್ತಿ ಕಳೆದುಕೊಂಡವನ ಬೆಲೆಯೆಷ್ಟು ಎಂಬುದು ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನ್ನನ್ನು ಇಲ್ಲಿ ಕಲಕುವ ಪ್ರಶ್ನೆ. ಪರಿಹಾರದ ಕಡತಗಳಲ್ಲಿ ಕಾಫ್ಕಾ ಹಗಲೆಲ್ಲ ಎದುರಿಸುತ್ತಿದ್ದುದೂ ಅದನ್ನೇ. ವರದಿಯ ಉದ್ವೇಗವಿಲ್ಲದ ಭಾಷೆಯೇ ಕಥೆಗೂ ಒದಗಿ, ಅಸಂಭವವನ್ನು ನಂಬುವಂತೆ ಮಾಡಿತು.

1917ರಲ್ಲಿ ಕ್ಷಯ ಕಾಣಿಸಿಕೊಂಡಿತು. 1922ರಲ್ಲಿ ನಿವೃತ್ತನಾದ ಕಾಫ್ಕಾ, 1924ರ ಜೂನ್ 3ರಂದು ವಿಯೆನ್ನಾ ಬಳಿಯ ಕೀರ್ಲಿಂಗ್‌ನಲ್ಲಿ ತೀರಿಕೊಂಡಾಗ ವಯಸ್ಸು 40. ಹಸ್ತಪ್ರತಿಗಳನ್ನು ಸುಡಬೇಕೆಂಬ ಕೋರಿಕೆಯನ್ನು ಗೆಳೆಯ ಮ್ಯಾಕ್ಸ್ ಬ್ರಾಡ್ ಪಾಲಿಸಲಿಲ್ಲ. ಹಾಗಾಗಿ ‘ವಿಚಾರಣೆ’ 1925ರಲ್ಲಿ, ‘ಕೋಟೆ’ 1926ರಲ್ಲಿ ಬೆಳಕು ಕಂಡವು.

ಆತನ ಮೂವರು ಸೋದರಿಯರೂ ಮುಂದೆ ನಾಜಿಗಳ ನರಮೇಧಕ್ಕೆ ಬಲಿಯಾದರು. ಆ ನರಮೇಧವೂ ಪಟ್ಟಿ, ಆದೇಶ, ಮೊಹರುಗಳ ಮೂಲಕವೇ ಸಾಗಿತ್ತು. ಕಾಗದದ ಮೇಲಿನ ಹೆಸರಿನ ಹಿಂದೆ ಒಂದು ಜೀವವಿದೆಯೆಂಬುದನ್ನು ಆಡಳಿತ ಮರೆತರೆ ಏನಾದೀತೆಂದು ತಿಳಿಯಲು, ಸೇವೆಗೆ ಸೇರುವ ಪ್ರತಿಯೊಬ್ಬರೂ ನಿಯಮಾವಳಿಯ ಜೊತೆಗೆ ಕಾಫ್ಕಾನನ್ನೂ ಓದಬೇಕೆಂಬುದು ನನ್ನ ಅಭಿಪ್ರಾಯ.