ಪರದೆಯ ಬಣ್ಣಗಳನ್ನು ಪ್ರೋಗ್ರಾಮರ್ ಕೈಗಿತ್ತ ಜೇ ಮೈನರ್

ಬೆಂಗಳೂರು: ಉಲ್ಲಾಳ, ಕೆಂಗೇರಿ ಕಡೆಯಿಂದ ನಗರದ ಚಿಪ್ ವಿನ್ಯಾಸ ಕಚೇರಿಗಳಿಗೆ ತೆರಳುವ ಇಂಜಿನಿಯರುಗಳಲ್ಲಿ ಜೇ ಮೈನರ್ ಹೆಸರು ಕೇಳಿದವರು ವಿರಳವಿರಬಹುದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆದದ್ದು 1985ರಲ್ಲಿ. ಮೈನರ್ ಅವರ ಕನಸಿನ ಕೂಸಾದ ಅಮಿಗಾ ಕಂಪ್ಯೂಟರ್ ನ್ಯೂಯಾರ್ಕ್‌ನಲ್ಲಿ ಅನಾವರಣಗೊಂಡದ್ದೂ ಅದೇ ವರ್ಷ.

ಮೈನರ್ ಜನಿಸಿದ್ದು 1932ರ ಮೇ 31ರಂದು, ಅಮೆರಿಕದ ಅರಿಜೋನಾ ರಾಜ್ಯದ ಪ್ರೆಸ್ಕಾಟ್‌ನಲ್ಲಿ. ಕರಾವಳಿ ಕಾವಲು ಪಡೆಯಲ್ಲಿ ಸೇವೆ ಸಲ್ಲಿಸಿ, ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ 1958ರಲ್ಲಿ ಇಂಜಿನಿಯರಿಂಗ್ ಪದವಿ ಪಡೆದರು. ಹಲವು ಚಿಪ್ ಕಂಪನಿಗಳಲ್ಲಿ ದುಡಿದು ಅಟಾರಿ ಸೇರಿದರು.

1977ರ ಅಟಾರಿ 2600 ಆಟದ ಯಂತ್ರಕ್ಕೆ ಅವರ ತಂಡ ಟಿಐಎ ಎಂಬ ಚಿಪ್ ರೂಪಿಸಿತು. ಯಂತ್ರದ ಮೆಮೊರಿ ಕೇವಲ 128 ಬೈಟ್. ಇಡೀ ಚಿತ್ರವನ್ನು ಇರಿಸಿಕೊಳ್ಳಲು ಅದರಲ್ಲಿ ಸ್ಥಳವೇ ಇರಲಿಲ್ಲ. ಟಿವಿ ಪರದೆಯಲ್ಲಿ ಒಂದೊಂದೇ ಗೆರೆ ಮೂಡುತ್ತಿದ್ದಂತೆ ಪ್ರೋಗ್ರಾಮು ಚಿಪ್‌ನ ರಿಜಿಸ್ಟರುಗಳಲ್ಲಿ ಬಣ್ಣ, ಆಕಾರಗಳ ಅಂಕಿಗಳನ್ನು ಬದಲಿಸುತ್ತಾ ಸಾಗಬೇಕಿತ್ತು. ಒಂದು ಗೆರೆಗೆ ಪ್ರೊಸೆಸರ್‌ಗೆ ದೊರೆಯುತ್ತಿದ್ದುದು 76 ಆವರ್ತಗಳ ಕಾಲ ಮಾತ್ರ. ಇಷ್ಟು ಬಿಗಿಯಾದ ಲೆಕ್ಕಕ್ಕೆ ಅಸೆಂಬ್ಲಿ ಭಾಷೆಯೇ ಗತಿಯಾಗಿತ್ತು.

ಈ ಹೊರೆಯನ್ನು ತಗ್ಗಿಸುವುದೇ ಮೈನರ್ ಅವರ ಮುಂದಿನ ಗುರಿಯಾಯಿತು. 1979ರ ಅಟಾರಿ 400 ಮತ್ತು 800 ಗಣಕಗಳ ಆಂಟಿಕ್ ಚಿಪ್, ಪರದೆಗೆ ಸಂಬಂಧಿಸಿದ ಆದೇಶಗಳ ಪಟ್ಟಿಯನ್ನು ತಾನೇ ಓದಿಕೊಳ್ಳುತ್ತಿತ್ತು. ಮೋಟೊರೋಲಾ 68000 ಪ್ರೊಸೆಸರ್ ಆಧರಿಸಿದ ಯಂತ್ರ ನಿರ್ಮಿಸುವ ಅವರ ಯೋಜನೆಗೆ ಮಾತ್ರ ಅಟಾರಿ ಒಪ್ಪಲಿಲ್ಲ. ಅವರು ಕಂಪನಿ ತೊರೆದರು.

1982ರಲ್ಲಿ ಆರಂಭವಾದ ಪುಟ್ಟ ಸಂಸ್ಥೆಯೊಂದರಲ್ಲಿ ಅಮಿಗಾ ರೂಪು ತಳೆಯಿತು. ಅದರ ‘ಕಾಪರ್’ ಎಂಬ ಘಟಕವು ಪರದೆಯ ಕಿರಣ ನಿಗದಿತ ಗೆರೆಗೆ ಬರುವವರೆಗೆ ಕಾದು, ರಿಜಿಸ್ಟರಿನ ಅಂಕಿಯನ್ನು ತಾನೇ ಬದಲಿಸುತ್ತಿತ್ತು. ಡಿಎಫ್‌ಎಫ್180 ವಿಳಾಸದಲ್ಲಿ ಒಂದು ಅಂಕಿ ಬರೆದರೆ ಹಿನ್ನೆಲೆಯ ಬಣ್ಣ ಬದಲಾಗುತ್ತಿತ್ತು. ಗೆರೆಗೊಂದು ಅಂಕಿ ಕೊಟ್ಟರೆ ಮುಸ್ಸಂಜೆಯ ಬಾನೇ ಪರದೆಗೆ ಇಳಿಯುತ್ತಿತ್ತು. ಒಟ್ಟು 4096 ಬಣ್ಣಗಳು ಲಭ್ಯವಿದ್ದವು.

ಆದರೆ ಹಣ ಬರಿದಾಯಿತು. 1984ರಲ್ಲಿ ಅಟಾರಿಯಿಂದಲೇ 5 ಲಕ್ಷ ಡಾಲರ್ ಸಾಲ ಪಡೆಯಬೇಕಾಯಿತು. ಗಡುವಿನೊಳಗೆ ತೀರಿಸದಿದ್ದರೆ ಚಿಪ್‌ಗಳ ಹಕ್ಕೇ ಕೈತಪ್ಪುವ ಭೀತಿಯಿತ್ತು. ಕೊನೆಗಳಿಗೆಯಲ್ಲಿ ಕಮೊಡೋರ್ ಕಂಪನಿ ಅಮಿಗಾವನ್ನು ಖರೀದಿಸಿ ಪಾರುಮಾಡಿತು. ಮೊದಲ ಅಮಿಗಾ ಯಂತ್ರಗಳ ಮುಚ್ಚಳದ ಒಳಭಾಗದಲ್ಲಿ ತಂಡದ ಸಹಿಗಳೊಂದಿಗೆ ಮೈನರ್ ಅವರ ನೆಚ್ಚಿನ ನಾಯಿ ಮಿಚಿಯ ಪಂಜದ ಗುರುತೂ ಅಚ್ಚಾಗಿದೆ.

ಮೂತ್ರಪಿಂಡದ ಕಾಯಿಲೆ ಅವರನ್ನು ಬಹುಕಾಲ ಕಾಡಿತು. ಡಯಾಲಿಸಿಸ್‌ನ ನಡುವೆಯೂ ಕೆಲಸ ನಿಲ್ಲಿಸಲಿಲ್ಲ. ಸಹೋದರಿ ಮೂತ್ರಪಿಂಡ ದಾನ ಮಾಡಿದರು. ಕಡೆಯ ವರ್ಷಗಳಲ್ಲಿ ಅವರು ಹೃದ್ರೋಗಿಗಳ ದೇಹದಲ್ಲಿ ಅಳವಡಿಸುವ ಉಪಕರಣಗಳಿಗಾಗಿ ದುಡಿದರು. 1994ರ ಏಪ್ರಿಲ್‌ನಲ್ಲಿ ಕಮೊಡೋರ್ ದಿವಾಳಿಯಾಯಿತು. ಎರಡು ತಿಂಗಳೂ ಕಳೆಯುವ ಮುನ್ನ, ಜೂನ್ 20ರಂದು, 62ನೇ ವಯಸ್ಸಿನಲ್ಲಿ ಮೈನರ್ ನಿಧನರಾದರು.

ಕಂಪನಿ ಅಳಿದರೂ ಹವ್ಯಾಸಿಗಳು ಇಂದಿಗೂ ಅಮಿಗಾಕ್ಕಾಗಿ ಅಸೆಂಬ್ಲಿಯಲ್ಲಿ ಪ್ರೋಗ್ರಾಮು ಬರೆಯುತ್ತಿದ್ದಾರೆ. ಮೈನರ್ ಬಿಟ್ಟುಹೋದ ರಿಜಿಸ್ಟರುಗಳು ಅದೇ ವಿಳಾಸಗಳಲ್ಲಿ ಅವರಿಗೆ ಓಗೊಡುತ್ತಿವೆ.