ಕಾಶಿಯ ಶಾಲೆ ಮತ್ತು ಆನಿ ಬೆಸೆಂಟ್

ಆನಿ ಬೆಸೆಂಟ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಹೋಂ ರೂಲ್ ಚಳವಳಿ ಮತ್ತು 1917ರ ಕಾಂಗ್ರೆಸ್ ಅಧ್ಯಕ್ಷತೆ. ಪರೀಕ್ಷೆಯ ಎರಡು ಅಂಕಕ್ಕೆ ಅಷ್ಟು ಸಾಕು. ಆದರೆ ಬಿ.ಎಡ್. ಓದುತ್ತಿರುವ ನನಗೆ ಅವರು ಹತ್ತಿರವಾದದ್ದು ಬೇರೆ ಕಾರಣಕ್ಕೆ. ಇಂಗ್ಲಿಷ್ ಶಿಕ್ಷಣ ಪಡೆದು ಮನೆಯ ಸಂಪ್ರದಾಯದಿಂದ ದೂರವಾಗುತ್ತಿದ್ದ ಹಿಂದೂ ಹುಡುಗರಿಗಾಗಿ ಅವರು ಕಾಶಿಯಲ್ಲಿ ಶಾಲೆ ಕಟ್ಟಿದರು, ಅಲ್ಲಿ ಧರ್ಮ ಕಲಿಸಲು ಪಠ್ಯಪುಸ್ತಕಗಳನ್ನೂ ಸಿದ್ಧಪಡಿಸಿದರು.

ಅವರು ಹುಟ್ಟಿದ್ದು ಲಂಡನ್ನಿನಲ್ಲಿ, 1847ರ ಅಕ್ಟೋಬರ್ 1ರಂದು. ಐದನೇ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಮುಂದೆ ಎಲೆನ್ ಮ್ಯಾರಿಯಟ್ ಎಂಬ ಮಹಿಳೆ ಬಾಲಕಿಯನ್ನು ತಮ್ಮ ಮನೆಯಲ್ಲಿಟ್ಟುಕೊಂಡು ಓದಿಸಿದರು. ಈ ಟೀಚರ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕೆನಿಸುತ್ತದೆ. ಅರ್ಥ ತಿಳಿಯದೆ ಬಾಯಿಪಾಠ ಒಪ್ಪಿಸುವುದು ಅವರಿಗೆ ಸ್ವಲ್ಪವೂ ಆಗುತ್ತಿರಲಿಲ್ಲ. ಮಕ್ಕಳು ಸುತ್ತಾಡಿ ಬಂದು, ಕಂಡದ್ದನ್ನು ಕಾಗದದ ರೂಪದಲ್ಲಿ ಬರೆಯಬೇಕು. ತಪ್ಪುಗಳನ್ನು ಅವರೊಂದಿಗೆ ಕೂತೇ ತಿದ್ದುತ್ತಿದ್ದರು. ವ್ಯಾಕರಣವೂ ಕಾಗುಣಿತವೂ ಆ ದಾರಿಯಲ್ಲೇ ಬರುತ್ತಿದ್ದವು. ದೊಡ್ಡ ಮಾತು ಆಡಿದ ಮಗುವಿಗೆ, ಅದರ ಅರ್ಥವೇನೆಂದು ಕೇಳದೆ ಬಿಡುತ್ತಿರಲಿಲ್ಲ. ನಾವು ಚಟುವಟಿಕೆ ಆಧಾರಿತ ಬೋಧನೆ ಎಂದು ಪಾಠಯೋಜನೆಯಲ್ಲಿ ಬರೆಯುವುದನ್ನು ಅವರು ಯಾವ ನಮೂನೆಯೂ ಇಲ್ಲದೆ ಮಾಡುತ್ತಿದ್ದರು.

ಇಪ್ಪತ್ತನೇ ವಯಸ್ಸಿನಲ್ಲಿ ಪಾದ್ರಿ ಫ್ರಾಂಕ್ ಬೆಸೆಂಟ್ ಅವರೊಂದಿಗೆ ಮದುವೆಯಾಯಿತು. ಇಬ್ಬರು ಮಕ್ಕಳು. ಮಗಳು ಮೇಬಲ್ ಹಸುಗೂಸಾಗಿದ್ದಾಗ ನಾಯಿಕೆಮ್ಮಿನಿಂದ ನರಳಿದ್ದನ್ನು ಕಂಡು, ಕರುಣಾಮಯಿ ದೇವರಿದ್ದರೆ ಇದೇಕೆ ಎಂಬ ಸಂಶಯ ಆನಿ ಅವರನ್ನು ಹಿಡಿಯಿತು. ನಂಬಿಕೆ ಇಲ್ಲದೆ ಚರ್ಚಿನ ವಿಧಿಯಲ್ಲಿ ಭಾಗವಹಿಸಲಾರೆನೆಂದರು. 1873ರಲ್ಲಿ ಗಂಡನಿಂದ ಬೇರೆಯಾದರು. ಚಾರ್ಲ್ಸ್ ಬ್ರಾಡ್ಲಾ ಜೊತೆ ನಾಸ್ತಿಕವಾದ ಪ್ರಚಾರ ಮಾಡಿದರು, ಸಂತಾನ ನಿಯಂತ್ರಣದ ಪುಸ್ತಕ ಪ್ರಕಟಿಸಿ ವಿಚಾರಣೆ ಎದುರಿಸಿದರು. ಈ ಕಾರಣಗಳಿಗಾಗಿಯೇ 1878ರಲ್ಲಿ ನ್ಯಾಯಾಲಯ ಮಗಳನ್ನು ಅವರಿಂದ ಕಿತ್ತುಕೊಂಡಿತು. ಆ ದಿನಗಳಲ್ಲೇ ವಿಜ್ಞಾನ ಓದಿ, ಕಲಿಸುವ ಅರ್ಹತೆ ಪಡೆದು, ಕೂಲಿ ಜನರಿಗೆ ಪಾಠವನ್ನೂ ಮಾಡಿದರು. ಬಿ.ಎಸ್ಸಿ. ಪದವಿ ಮಾತ್ರ ಅವರ ಕೈಗೆ ಸಿಗಲಿಲ್ಲ.

1889ರಲ್ಲಿ ಬ್ಲಾವಟ್‌ಸ್ಕಿ ಅವರ ಪುಸ್ತಕದ ವಿಮರ್ಶೆ ಬರೆಯಲು ಕೂತವರು ಥಿಯಾಸಫಿಕಲ್ ಸೊಸೈಟಿಗೇ ಸೇರಿಬಿಟ್ಟರು. ಹಳೆಯ ಗೆಳೆಯರಿಗೆ ಇದು ಅರ್ಥವೇ ಆಗಲಿಲ್ಲ. ನನಗೂ ಪೂರ್ತಿ ಆಗುವುದಿಲ್ಲ. 1893ರಲ್ಲಿ ಭಾರತಕ್ಕೆ ಬಂದರು, 1895ರಲ್ಲಿ ಭಗವದ್ಗೀತೆಯನ್ನು ಇಂಗ್ಲಿಷಿಗೆ ತಂದರು.

1898ರ ಜುಲೈನಲ್ಲಿ ಕಾಶಿಯ ಒಂದು ಬಾಡಿಗೆ ಮನೆಯಲ್ಲಿ ಸೆಂಟ್ರಲ್ ಹಿಂದೂ ಕಾಲೇಜು ಶುರುವಾಯಿತು. ಕಾಶಿಯ ಮಹಾರಾಜರು ಜಾಗ, ಕಟ್ಟಡ ಕೊಟ್ಟರು. ವಿದ್ವಾಂಸ ಭಗವಾನ್ ದಾಸ್ ಜೊತೆಗೆ ನಿಂತರು. ಮೊದಲ ಪ್ರಾಂಶುಪಾಲ ಆರ್ಥರ್ ರಿಚರ್ಡ್‌ಸನ್ ವಿಜ್ಞಾನದವರು. ಸರ್ಕಾರದ ಅನುದಾನ ಬೇಡವೆಂದು ತೀರ್ಮಾನವಾಗಿತ್ತು. ವಿಜ್ಞಾನ, ಕ್ರಿಕೆಟ್, ಸಂಸ್ಕೃತ, ಧರ್ಮಬೋಧೆ ಎಲ್ಲವೂ ಒಂದೇ ಆವರಣದಲ್ಲಿ. ಬಾಲ್ಯವಿವಾಹ ತಡೆಯಲೆಂದು ಶಾಲೆಯ ಕೆಳ ತರಗತಿಗಳಿಗೆ ಮದುವೆಯಾದ ಹುಡುಗರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. 1904ರಲ್ಲಿ ಹೆಣ್ಣುಮಕ್ಕಳ ಶಾಲೆಯೂ ಬಂತು.

ತೊಡಕಿದ್ದದ್ದು ಧರ್ಮಬೋಧೆಯಲ್ಲಿ. ಶೈವ, ವೈಷ್ಣವ, ಅದ್ವೈತ, ದ್ವೈತ ಎಂದು ನೂರು ದಾರಿಯವರ ಮಕ್ಕಳು ಒಂದೇ ಬೆಂಚಿನಲ್ಲಿ ಕೂತಾಗ ಯಾವುದನ್ನು ಕಲಿಸುವುದು? ಎಲ್ಲ ಪಂಥದವರೂ ಒಪ್ಪುವಂಥದ್ದು ಮಾತ್ರ ಇರಲಿ, ಒಂದೇ ಪಂಥಕ್ಕೆ ಸೇರಿದ್ದು ಬೇಡ ಎಂದು ನಿಶ್ಚಯಿಸಿ ಸನಾತನ ಧರ್ಮದ ಪಠ್ಯಮಾಲೆ ತಂದರು. ಚಿಕ್ಕವರಿಗೆ ಪ್ರಶ್ನೋತ್ತರ, ಪ್ರೌಢಶಾಲೆಯವರಿಗೆ ಪ್ರಾಥಮಿಕ ಪಠ್ಯ, ಕಾಲೇಜಿಗೆ ಮುಂದುವರಿದ ಪಠ್ಯ. ಮೊದಲ ಭಾಗದಲ್ಲಿ ಕರ್ಮ, ಪುನರ್ಜನ್ಮದಂಥ ತತ್ತ್ವ. ಎರಡನೆಯದರಲ್ಲಿ ಸಂಸ್ಕಾರ, ಶ್ರಾದ್ಧ, ಶೌಚ, ಪೂಜೆ. ಮೂರನೆಯದರಲ್ಲಿ ನೀತಿ, ಅದಕ್ಕೆ ರಾಮಾಯಣ ಮಹಾಭಾರತಗಳ ಕಥೆಗಳು. ಸುಲಭದಿಂದ ಕಠಿಣಕ್ಕೆ ಎಂಬ ಸೂತ್ರ ಇಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಎರಡು ಕಡೆ ನನಗೆ ಒಪ್ಪಿಗೆಯಿಲ್ಲ. ಶ್ರುತಿ ಸ್ಮೃತಿಗಳನ್ನೇ ಆಧಾರವಾಗಿ ಹಿಡಿದದ್ದರಿಂದ ಊರ ಮಾರಮ್ಮನ ಜಾತ್ರೆ, ಅಜ್ಜಿಯರ ವ್ರತದ ಹಾಡು ಹೊರಗೇ ಉಳಿದವು. ಚಾತುರ್ವರ್ಣ್ಯ ಮಾತ್ರ ಒಂದು ಅಧ್ಯಾಯವಾಗಿ ಒಳಗೆ ಬಂತು. ಇನ್ನೊಂದು ಆ ಪ್ರಶ್ನೋತ್ತರ ಪುಸ್ತಕ. ಸಿದ್ಧ ಪ್ರಶ್ನೆಗೆ ಸಿದ್ಧ ಉತ್ತರವನ್ನು ಮ್ಯಾರಿಯಟ್ ಟೀಚರ್ ಒಪ್ಪುತ್ತಿದ್ದರೇ?

ಈ ವರ್ಷದ ಬೋಧನಾಭ್ಯಾಸದಲ್ಲಿ ಎಂಟನೇ ತರಗತಿಗೆ ಟಾರ್ಚು, ಚೆಂಡು ಹಿಡಿದು ಗ್ರಹಣದ ಪಾಠ ಮಾಡುತ್ತಿದ್ದೆ. ಒಬ್ಬ ಹುಡುಗಿ ಎದ್ದು, ಗ್ರಹಣ ಹಿಡಿದಾಗ ಅಜ್ಜಿ ನೀರಿಗೆ, ಉಪ್ಪಿನಕಾಯಿಗೆ ದರ್ಭೆ ಹಾಕುತ್ತಾರೆ, ಅದು ಸುಳ್ಳೆಂದು ಮನೆಯಲ್ಲಿ ಹೇಳಬೇಕೇ ಎಂದು ಕೇಳಿದಳು. ನೆರಳಿನ ವಿಷಯದಲ್ಲಿ ರಾಜಿಯಿಲ್ಲ, ಗ್ರಹಣ ನೆರಳಿನಾಟವೇ. ಆದರೆ ಅಜ್ಜಿಯನ್ನು ಸುಳ್ಳಿ ಮಾಡುವುದು ನನ್ನ ಪಾಠದ ಉದ್ದೇಶಗಳಲ್ಲಿ ಇರಲಿಲ್ಲ. ಮನೆಯಲ್ಲಿ ಏನು ಮಾಡುತ್ತಾರೆ, ಯಾರಿಂದ ಕಲಿತರು, ಏಕೆ ಎನ್ನುತ್ತಾರೆ ಎಂದು ಕೇಳಿ ಬರೆದು ತರಲು ಎಲ್ಲರಿಗೂ ಹೇಳಿದೆ. ಒಬ್ಬ ಹುಡುಗ ಗ್ರಹಣದ ನಮಾಜಿನ ಬಗ್ಗೆ ಬರೆದ. ಆ ಹುಡುಗಿಯ ಅಜ್ಜಿಗೆ ಕಾರಣ ಗೊತ್ತಿರಲಿಲ್ಲ. ಗ್ರಹಣ ಬಿಡುವವರೆಗೆ ಮನೆಮಂದಿಯೆಲ್ಲ ಒಟ್ಟಿಗೆ ಕೂತಿರುತ್ತಿದ್ದದ್ದು ಮಾತ್ರ ನೆನಪಿತ್ತು. ಹುಡುಗಿ ಅದನ್ನು ಒಂದೂವರೆ ಪುಟ ಬರೆದಿದ್ದಳು. ಸರ್ಕಾರಿ ಶಾಲೆಯಲ್ಲಿ ಧರ್ಮಬೋಧೆಗೆ ಸಂವಿಧಾನದ 28ನೇ ವಿಧಿ ಅವಕಾಶ ಕೊಡುವುದಿಲ್ಲ, ಅದು ಸರಿಯೂ ಹೌದು. ಮನೆಯ ಹಿರಿಯರನ್ನು ಕೇಳಿ ಬರೆಯುವುದಕ್ಕೆ ಅದರ ಅಡ್ಡಿಯೇನೂ ಇಲ್ಲ.

ಕಾಶಿಯ ಶಾಲೆ ಬೆಸೆಂಟ್ ಕೈಯಲ್ಲಿ ಕೊನೆಯವರೆಗೆ ಉಳಿಯಲಿಲ್ಲ. ಬಾಲಕ ಜಿಡ್ಡು ಕೃಷ್ಣಮೂರ್ತಿಯನ್ನು ಲೋಕಗುರುವೆಂದು ಅವರು ಬೆಂಬಲಿಸಿದ್ದು ಭಗವಾನ್ ದಾಸ್ ಅವರಂಥವರಿಗೆ ಹಿಡಿಸಲಿಲ್ಲ. 1913ರಲ್ಲಿ ಜಾರ್ಜ್ ಅರುಂಡೇಲ್ ಮತ್ತು ಹಲವು ಅಧ್ಯಾಪಕರು ರಾಜೀನಾಮೆ ಕೊಟ್ಟರು. ಮದನ ಮೋಹನ ಮಾಳವೀಯರ ಯೋಜನೆಗೆ ಕಾಲೇಜನ್ನು ಬಿಟ್ಟುಕೊಡಲಾಯಿತು. 1916ರಲ್ಲಿ ಅಡಿಗಲ್ಲು ಬಿದ್ದ ಬನಾರಸ್ ಹಿಂದೂ ವಿಶ್ವವಿದ್ಯಾಲಯ ಬೆಳೆದದ್ದು ಅದರ ಸುತ್ತಲೇ. ಹದಿನೈದು ವರ್ಷ ಕಟ್ಟಿದ್ದನ್ನು ಇನ್ನೊಬ್ಬರ ಕೈಗಿಡುವುದು ಸಣ್ಣ ಮಾತಲ್ಲ.

1933ರ ಸೆಪ್ಟೆಂಬರ್ 20ರಂದು ಅವರು ಮದರಾಸಿನ ಅಡ್ಯಾರಿನಲ್ಲಿ ತೀರಿಕೊಂಡರು. ಅವರ ಪ್ರೇರಣೆಯಿಂದ 1917ರಲ್ಲಿ ಬೆಂಗಳೂರಿನ ಬಸವನಗುಡಿಯಲ್ಲಿ ಶುರುವಾದ ನ್ಯಾಷನಲ್ ಹೈಸ್ಕೂಲು ಇಂದಿಗೂ ಇದೆ. ಪವಾಡಗಳನ್ನು ಪರೀಕ್ಷೆಗೊಡ್ಡಿದ ಎಚ್. ನರಸಿಂಹಯ್ಯನವರು ಓದಿದ್ದು ಅಲ್ಲೇ.